ಜಗಲಿ ಮತ್ತು ಉಗ್ರಾಣ

ಫಾಲ್ಗುಣ ಮಾಸ ಬಂದಿತೆಂದರೆ ಮುಂಬಯಿಯ ಚಾಳುಗಳಲ್ಲಿಯೂ ಉಪನಗರಗಳ ಕಟ್ಟಡಗಳಲ್ಲಿಯೂ ಒಂದು ವಿಶಿಷ್ಟವಾದ ನಾದ ಕೇಳಿಬರತೊಡಗುತ್ತದೆ. ಅದು ಹೋಳಿಯ ಗದ್ದಲವಲ್ಲ. ಪರೀಕ್ಷೆಗೆ ಸಿದ್ಧರಾಗುತ್ತಿರುವ ಮಕ್ಕಳು ಪಾಠವನ್ನು ಉರುಹೊಡೆಯುವ ನಾದ. ಒಬ್ಬನು ಕಿಟಕಿಯ ಬಳಿ ನಿಂತು ಇತಿಹಾಸದ ಇಸವಿಗಳನ್ನು ಒಪ್ಪಿಸುತ್ತಿರುತ್ತಾನೆ. ಒಬ್ಬಳು ಮಹಡಿಯ ಮೆಟ್ಟಿಲ ಮೇಲೆ ಕುಳಿತು ವಿಜ್ಞಾನದ ವ್ಯಾಖ್ಯೆಗಳನ್ನು ಕಣ್ಣು ಮುಚ್ಚಿ ಪಠಿಸುತ್ತಿರುತ್ತಾಳೆ. ರಾತ್ರಿಯ ಕೊನೆಯ ಲೋಕಲ್ ಗಾಡಿ ಹೋದ ಮೇಲೆಯೂ ಹಲವು ಮನೆಗಳ ದೀಪ ಆರುವುದಿಲ್ಲ.

ಈ ಶ್ರಮವನ್ನು ಹೀಯಾಳಿಸುವ ಮನಸ್ಸು ನನಗಿಲ್ಲ. ಆದರೆ ಅದೇ ಮಕ್ಕಳು ಬೇಸಗೆಯ ರಜೆ ಮುಗಿಸಿ ಜೂನ್ ತಿಂಗಳಲ್ಲಿ ಶಾಲೆಗೆ ಮರಳಿದಾಗ ನಾನು ಹಿಂದಿನ ತರಗತಿಯ ಒಂದು ಸುಲಭ ಪ್ರಶ್ನೆಯನ್ನು ಕೇಳುವುದುಂಟು. ಆಗ ತರಗತಿಯಲ್ಲಿ ಮೌನ ಆವರಿಸುತ್ತದೆ. ಧೈರ್ಯಶಾಲಿಯಾದ ಒಬ್ಬನು ಎದ್ದು ನಿಂತು, "ಸರ್, ಅದು ಹೋದ ವರ್ಷದ ಪಾಠವಲ್ಲವೇ?" ಎನ್ನುತ್ತಾನೆ. ಹೋದ ವರ್ಷದ ಪಾಠ! ರೈಲಿನ ಪಾಸಿನ ಅವಧಿ ಮುಗಿಯುವಂತೆ ವಿದ್ಯೆಯ ಅವಧಿಯೂ ಮುಗಿದುಹೋಯಿತೆಂಬ ಭಾವ. ಮಾರ್ಚ್ ತಿಂಗಳಲ್ಲಿ ನೂರಕ್ಕೆ ಎಪ್ಪತ್ತು ಗುಣ ಗಳಿಸಿದವನ ತಲೆಯಲ್ಲಿ ಜೂನಿನಲ್ಲಿ ಏಳು ಮಾತೂ ಉಳಿಯದೆ ಹೋದರೆ, ಆ ಎಪ್ಪತ್ತು ಎಲ್ಲಿ ಹೋಯಿತು?

ಮಕ್ಕಳ ಬುದ್ಧಿ ಮಂದವೆಂದು ಕೆಲವರು ಹೇಳುವರು. ಶ್ರಮ ಸಾಲದೆಂದು ಇನ್ನು ಕೆಲವರು. ಎರಡೂ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಬುದ್ಧಿಯೂ ಇದೆ, ಶ್ರಮವೂ ಇದೆ; ಆದರೆ ಗಳಿಸಿದ ಧಾನ್ಯವನ್ನು ಇಡಬೇಕಾದ ಸ್ಥಳದಲ್ಲಿ ಇಡಲಿಲ್ಲ.

ನಮ್ಮ ಊರ ಹಳೆಯ ಮನೆಗಳನ್ನು ನೋಡಿದವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಅಂಥ ಮನೆಗೆ ಮುಂದೊಂದು ಜಗಲಿ, ಒಳಗೊಂದು ಉಗ್ರಾಣ. ದಾರಿಹೋಕರು ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಸ್ವೀಕರಿಸಿ, ನಾಲ್ಕು ಮಾತನಾಡಿ ಎದ್ದುಹೋಗುವರು. ಜಗಲಿ ಚಿಕ್ಕದು, ನಾಲ್ಕಾರು ಮಂದಿ ಬಂದರೆ ತುಂಬಿಹೋಗುತ್ತದೆ, ಹೊಸಬರು ಬಂದಾಗ ಮೊದಲು ಬಂದವರು ಏಳಬೇಕಾಗುತ್ತದೆ. ಉಗ್ರಾಣವಾದರೋ ವಿಶಾಲವಾದದ್ದು, ಅಲ್ಲಿ ಸೇರಿದ ಅಕ್ಕಿಮುಡಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯನ ನೆನಪಿಗೂ ಹೀಗೆಯೇ ಜಗಲಿಯೊಂದು, ಉಗ್ರಾಣವೊಂದು ಉಂಟು. ಮನಃಶಾಸ್ತ್ರಜ್ಞರು ಮೊದಲನೆಯದನ್ನು ಅಲ್ಪಕಾಲದ ಸ್ಮೃತಿಯೆಂದೂ ಎರಡನೆಯದನ್ನು ದೀರ್ಘಕಾಲದ ಸ್ಮೃತಿಯೆಂದೂ ಕರೆಯುತ್ತಾರೆ. ಅಮೆರಿಕೆಯ ವಿಲಿಯಂ ಜೇಮ್ಸ್ ಎಂಬ ಪಂಡಿತನು 1890ರಲ್ಲಿಯೇ ಈ ಭೇದವನ್ನು ಸೂಚಿಸಿದ್ದನು. 1968ರಲ್ಲಿ ಅಟ್ಕಿನ್ಸನ್ ಮತ್ತು ಶಿಫ್ರಿನ್ ಎಂಬ ಇಬ್ಬರು ಅದಕ್ಕೆ ಒಂದು ವ್ಯವಸ್ಥಿತ ರೂಪವನ್ನು ಕೊಟ್ಟರು.

ಜಗಲಿ ಎಷ್ಟು ಚಿಕ್ಕದು? 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬವನು ಅದರಲ್ಲಿ ಸುಮಾರು ಏಳು ವಸ್ತುಗಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ, ಹಿಡಿಯುತ್ತವೆಂದು ಹೇಳಿ ಪ್ರಸಿದ್ಧನಾದನು. ಇನ್ನೂ ಕಟ್ಟುನಿಟ್ಟಾಗಿ ಎಣಿಸಿದರೆ ನಾಲ್ಕೇ ಎಂದು 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದನು. ಅಲ್ಲಿ ಅತಿಥಿ ಎಷ್ಟು ಹೊತ್ತು ಕುಳಿತಿರುವನು? 1959ರಲ್ಲಿ ಪೀಟರ್ಸನ್ ದಂಪತಿಗಳು ಒಂದು ಪರೀಕ್ಷೆ ನಡೆಸಿದರು. ಅರ್ಥವಿಲ್ಲದ ಮೂರು ಅಕ್ಷರಗಳನ್ನು ಕೇಳಿಸಿ, ಅವನ್ನು ಮನಸ್ಸಿನಲ್ಲಿಯೇ ಮೆಲುಕು ಹಾಕದಂತೆ, ಒಂದು ಸಂಖ್ಯೆಯಿಂದ ಮೂರುಮೂರಾಗಿ ಹಿಂದಕ್ಕೆ ಎಣಿಸಲು ಹೇಳಿದರು. ಹದಿನೆಂಟು ಸೆಕೆಂಡು ಕಳೆಯುವಷ್ಟರಲ್ಲಿ ಆ ಮೂರು ಅಕ್ಷರಗಳು ಬಹುತೇಕ ಮಾಯವಾಗಿದ್ದುವು. ದಾದರ್ ನಿಲ್ದಾಣದಲ್ಲಿ ಗಾಡಿ ನಿಂತು ಹೊರಡುವಷ್ಟೇ ಕಾಲ!

ಓದುಗರೂ ಒಂದು ಪರೀಕ್ಷೆ ಮಾಡಿ ನೋಡಬಹುದು. ಕೆಳಗಿನ ಸಾಲನ್ನು ಒಮ್ಮೆ ಓದಿ, ಪುಟವನ್ನು ಮುಚ್ಚಿ, ಮತ್ತೆ ಹೇಳಿರಿ:

1 9 4 7 1 9 5 0 1 9 5 6 1 9 6 0 1 9 7 3

ಇವು ಇಪ್ಪತ್ತು ಅಂಕೆಗಳು. ಬಿಡಿಬಿಡಿಯಾಗಿ ಬಂದರೆ ಜಗಲಿ ಮುರಿದುಬೀಳುತ್ತದೆ. ಆದರೆ ನಾಲ್ಕುನಾಲ್ಕನ್ನು ಕೂಡಿಸಿ ನೋಡಿರಿ. 1947, ದೇಶಕ್ಕೆ ಸ್ವಾತಂತ್ರ್ಯ, 1950, ಗಣರಾಜ್ಯ, 1956, ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದು ರಾಜ್ಯವಾದುದು, 1960, ಮುಂಬಯಿ ರಾಜಧಾನಿಯಾಗಿ ಮಹಾರಾಷ್ಟ್ರದ ಉದಯ, 1973, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ನಾಮಕರಣ. ಇಪ್ಪತ್ತು ಅತಿಥಿಗಳ ಬದಲು ಐವರೇ ಆದರು. ಅಂಕೆಗಳು ಬದಲಾಗಲಿಲ್ಲ, ಜಗಲಿಯೂ ದೊಡ್ಡದಾಗಲಿಲ್ಲ. ಉಗ್ರಾಣದಲ್ಲಿದ್ದ ಇತಿಹಾಸ ಹೊರಬಂದು ಜಗಲಿಗೆ ನೆರವಾಯಿತು. ಮೊದಲೇ ತಿಳಿದವನಿಗೆ ಹೊಸದನ್ನು ಹಿಡಿಯುವುದು ಸುಲಭ. ಏನೂ ತಿಳಿಯದವನಿಗೆ ಎಲ್ಲವೂ ಬಿಡಿಬಿಡಿ ಅಂಕೆಗಳೇ. ಈ ಒಂದು ಮಾತನ್ನು ಗ್ರಹಿಸಿದವನು ಕಲಿಕೆಯ ರಹಸ್ಯದ ಅರ್ಧವನ್ನು ಗ್ರಹಿಸಿದಂತೆ.

ಜಗಲಿಯ ನೆನಪಿನ ಉತ್ತಮ ನಿದರ್ಶನವನ್ನು ಕಾಣಲು ನಾವು ಮುಂಬಯಿಗರು ದೂರ ಹೋಗಬೇಕಾಗಿಲ್ಲ. ಈ ನಗರಕ್ಕೆ ಇಡ್ಲಿ-ದೋಸೆಗಳ ರುಚಿ ಹತ್ತಿಸಿದವರು ನಮ್ಮ ಕರಾವಳಿಯ ಜನ. ಅವರ ಹೋಟೆಲುಗಳಲ್ಲಿ ದುಡಿದ ಮಾಣಿಗಳು ಕಾಗದ-ಪೆನ್ಸಿಲುಗಳ ಹಂಗಿಲ್ಲದೆ ನಾಲ್ಕು ಮೇಜುಗಳ ಬೇಡಿಕೆಯನ್ನು ತಲೆಯಲ್ಲಿಯೇ ಹೊತ್ತು ಅಡಿಗೆಮನೆಗೆ ಕೂಗಿ ಹೇಳುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಗಿರಾಕಿ ಹಣ ಕೊಟ್ಟು ಎದ್ದುಹೋದ ಮೇಲೆ ಅವನೇನು ತಿಂದನೆಂದು ಕೇಳಿದರೆ ಮಾಣಿಗೆ ನೆನಪಿರುತ್ತಿರಲಿಲ್ಲ. ಬರ್ಲಿನ್ ನಗರದ ಉಪಾಹಾರಗೃಹದ ಪರಿಚಾರಕರಲ್ಲಿಯೂ ಇದೇ ಗುಣವನ್ನು ಗಮನಿಸಿದುದರಿಂದಲೇ ಬ್ಲೂಮಾ ಝೈಗಾರ್ನಿಕ್ ಎಂಬ ವಿದುಷಿಯ ಸಂಶೋಧನೆ ಹುಟ್ಟಿತೆಂದು ಹೇಳುವರು. ಮುಗಿಯದ ಕೆಲಸ ಮನಸ್ಸಿನಲ್ಲಿ ಉಳಿಯುತ್ತದೆ, ಮುಗಿದ ಕೆಲಸ ಜಾರುತ್ತದೆ ಎಂದು ಆಕೆ 1927ರಲ್ಲಿ ಪ್ರಕಟಿಸಿದಳು. ಮುಂದೆ ನಡೆದ ಎಲ್ಲ ಪ್ರಯೋಗಗಳಲ್ಲಿಯೂ ಅದೇ ಫಲ ದೊರೆಯಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಆದರೂ ಮಾಣಿಯ ಮರೆವು ನಮಗೆ ಅರ್ಥವಾಗುವಂಥದು. ಅದು ದೋಷವಲ್ಲ, ಸೌಕರ್ಯ. ನಿನ್ನೆಯ ಸಾವಿರ ಬೇಡಿಕೆಗಳು ತಲೆಯಲ್ಲಿ ತುಂಬಿದ್ದರೆ ಇಂದಿನ ಮೇಜಿಗೆ ಅವನು ಚಹಾ ಕೊಂಡೊಯ್ಯುವುದೆಂತು?

ಆದರೆ ವಿದ್ಯಾರ್ಥಿಯು ಪರೀಕ್ಷೆಯ ವಿಷಯದಲ್ಲಿ ಈ ಮಾಣಿಯಂತಾದರೆ? ಉತ್ತರಪತ್ರಿಕೆಯನ್ನು ಕೊಟ್ಟು ಹೊರಬಂದೊಡನೆ ಬಿಲ್ಲು ತೀರಿತು, ಮೇಜು ಒರೆಸಿ ಆಯಿತು! ಒಂದು ರಾತ್ರಿಯ ಉರುಹೊಡೆತದ ಗತಿ ಇದೇ.

ಜಗಲಿಯಿಂದ ಉಗ್ರಾಣಕ್ಕೆ ಹೋಗುವ ಬಾಗಿಲು ಮುಚ್ಚಿಹೋದರೆ ಏನಾಗುವುದೆಂಬುದಕ್ಕೆ ಒಬ್ಬ ಅಮೆರಿಕನ್ನನ ಬಾಳು ಸಾಕ್ಷಿ. ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಅಪಸ್ಮಾರದ ನಿವಾರಣೆಗಾಗಿ 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ವೈದ್ಯನಾದ ಸ್ಕೋವಿಲ್ಲನು ಮಿದುಳಿನ ಎರಡೂ ಬದಿಗಳಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗದ ಹೆಚ್ಚಿನಂಶವನ್ನು ತೆಗೆದುಹಾಕಿದನು. ರೋಗ ಬಹಳಷ್ಟು ತಗ್ಗಿತು. ಆದರೆ ಮೊಲೈಸನ್ ಹೊಸ ಘಟನೆಯಾವುದನ್ನೂ ನೆನಪಿನಲ್ಲಿ ಇಟ್ಟುಕೊಳ್ಳಲಾರದವನಾದನು. ಬಾಲ್ಯದ ಸಂಗತಿಗಳು ಅವನಿಗೆ ನೆನಪಿದ್ದುವು. ಕೆಲವು ಅಂಕೆಗಳನ್ನು ಹೇಳಿದರೆ ಗಮನವಿಟ್ಟಿರುವವರೆಗೆ ಹಿಡಿದಿಟ್ಟುಕೊಳ್ಳುತ್ತಿದ್ದನು. ಗಮನ ಬೇರೆಡೆಗೆ ಹೊರಳಿತೋ, ಎಲ್ಲವೂ ಹೋಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಅವನನ್ನು ಹಲವು ವರ್ಷ ಪರೀಕ್ಷಿಸಿದಳು; ಪ್ರತಿ ಸಲವೂ ಆಕೆ ಅವನಿಗೆ ಹೊಸಬಳೇ. ಆಶ್ಚರ್ಯವೆಂದರೆ, ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಆಕೃತಿಯನ್ನು ಬರೆಯುವ ಕಷ್ಟದ ಕೆಲಸದಲ್ಲಿ ಅವನ ಕೈ ದಿನದಿನಕ್ಕೆ ಪಳಗಿತು. ತಾನು ಅದನ್ನು ಹಿಂದೆ ಮಾಡಿದ್ದೆನೆಂಬುದೇ ಅವನಿಗೆ ತಿಳಿದಿರಲಿಲ್ಲ. ಉಗ್ರಾಣದಲ್ಲಿಯೂ ಬೇರೆಬೇರೆ ಕೋಣೆಗಳುಂಟು, ಕೈಗೆಲಸದ ನೆನಪಿನ ಕೋಣೆ ಬೇರೆ, ಸಂಗತಿಗಳ ನೆನಪಿನ ಕೋಣೆ ಬೇರೆ ಎಂಬುದು ಹೀಗೆ ಸಿದ್ಧವಾಯಿತು. 2008ರಲ್ಲಿ ಮೃತನಾದ ಈತನು ತನಗರಿವಿಲ್ಲದೆಯೇ ಮನುಕುಲಕ್ಕೆ ಮಹದುಪಕಾರ ಮಾಡಿದನು.

ನೆನಪು ಉಗ್ರಾಣ ಸೇರುವಾಗ ಮಿದುಳಿನೊಳಗೆ ನಡೆಯುವುದೇನು? ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿಯು ಕಡಲಿನ ಒಂದು ಬಗೆಯ ಬಸವನಹುಳುವಿನಲ್ಲಿ ಇದನ್ನು ಶೋಧಿಸಿ 2000ದಲ್ಲಿ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡನು. ಅಲ್ಪಕಾಲದ ನೆನಪಿನಲ್ಲಿ ನರಕೋಶಗಳ ನಡುವೆ ಮೊದಲೇ ಇರುವ ಸಂಧಿಗಳು ರಾಸಾಯನಿಕ ಬದಲಾವಣೆಯಿಂದ ಸ್ವಲ್ಪ ಹೊತ್ತು ಬಲಗೊಳ್ಳುತ್ತವೆ, ಅಷ್ಟೆ. ದೀರ್ಘಕಾಲದ ನೆನಪಿಗಾದರೋ ಕೋಶವು ಹೊಸ ಪ್ರೋಟೀನುಗಳನ್ನು ನಿರ್ಮಿಸಬೇಕು. ಹೊಸ ಸಂಧಿಗಳು ಬೆಳೆಯಬೇಕು. ಮೊದಲನೆಯದು ಮರಳಿನ ಮೇಲೆ ಬೆರಳಿನಿಂದ ಬರೆದಂತೆ. ಎರಡನೆಯದು ಗಿಡ ನೆಟ್ಟಂತೆ. ಗಿಡ ಬೆಳೆಯಲು ಕಾಲ ಬೇಕು. ಇಂದು ರಾತ್ರಿ ಹತ್ತು ಕೊಡ ನೀರು ಹೊಯ್ದು ನಾಳೆ ಬೆಳಗ್ಗೆ ಹಣ್ಣು ಕೇಳುವವನನ್ನು ನಾವು ಏನೆನ್ನುತ್ತೇವೆ? ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡುವವನಿಗೂ ಅದೇ ಹೆಸರು ಸಲ್ಲಬೇಕು.

ಹಾಗಾದರೆ ಮಾಡಬೇಕಾದುದೇನು? ಇಲ್ಲಿ ಮೂರು ಸತ್ಯಗಳನ್ನು ವಿದ್ಯಾರ್ಥಿ ಮಿತ್ರರ ಮುಂದಿಡಬಯಸುತ್ತೇನೆ.

ಒಂದನೆಯದು, ಬಿಡುವು ಕೊಟ್ಟು ಓದುವುದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬವನು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಮರೆಯಿತೆಂದು ತಾನೇ ಅಳೆದು, 1885ರಲ್ಲಿ ಗ್ರಂಥ ಪ್ರಕಟಿಸಿದನು. ಕಲಿತ ಒಂದು ಗಂಟೆಯೊಳಗೆ ಶ್ರಮದ ಅರ್ಧಕ್ಕಿಂತ ಹೆಚ್ಚು ಪಾಲು ನಷ್ಟವಾಗಿತ್ತು. ತಿಂಗಳಾದ ಮೇಲೆ ಉಳಿದುದು ಐದರಲ್ಲೊಂದು ಪಾಲು. ಆದರೆ ಅದೇ ಗ್ರಂಥದಲ್ಲಿ ಮದ್ದೂ ಇದೆ. ಒಂದೇ ದಿನ 68 ಸಲ ಓದಿದುದರಿಂದ ಬಂದ ಫಲವು, ಮೂರು ದಿನಗಳಲ್ಲಿ ಹಂಚಿ 38 ಸಲ ಓದಿದುದರಿಂದಲೇ ಬಂದಿತು. ಶ್ರಮದಲ್ಲಿ ಹತ್ತಿರ ಹತ್ತಿರ ಅರ್ಧ ಉಳಿತಾಯ! ಹನಿ ಹನಿ ಕೂಡಿದರೆ ಹಳ್ಳವೆಂದ ನಮ್ಮ ಹಿರಿಯರು ಪ್ರಯೋಗಶಾಲೆಯಿಲ್ಲದೆಯೇ ಇದನ್ನು ಕಂಡುಕೊಂಡಿದ್ದರು.

ಎರಡನೆಯದು, ಪುಸ್ತಕ ಮುಚ್ಚಿ ಕೇಳಿಕೊಳ್ಳುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ವಿದ್ಯಾರ್ಥಿಗಳ ಎರಡು ಗುಂಪುಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟರು. ಒಂದು ಗುಂಪು ಅದನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿದ ಬಳಿಕ ಪುಟ ನೋಡದೆ ನೆನಪಾದುದನ್ನು ಬರೆಯಿತು. ಐದು ನಿಮಿಷಗಳ ಅನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಅನಂತರ ಕೇಳಿದಾಗ ನೆನೆದು ಬರೆದವರು ಅವರನ್ನು ಹಿಂದೆ ಹಾಕಿದ್ದರು. ಉರುಹೊಡೆಯುವವನಿಗೆ "ನನಗೆ ಎಲ್ಲ ಬರುತ್ತದೆ" ಎಂಬ ಭ್ರಮೆ ಏಕೆ ಹುಟ್ಟುತ್ತದೆಂಬುದು ಇದರಿಂದ ತಿಳಿಯುತ್ತದೆ. ಅವನು ಜಗಲಿಯಲ್ಲಿ ಕುಳಿತವರನ್ನು ಮನೆಯವರೆಂದು ಎಣಿಸುತ್ತಿದ್ದಾನೆ.

ಮೂರನೆಯದು ನಿದ್ರೆ. ನಿದ್ರಿಸಿದವರು ಎಚ್ಚರವಿದ್ದವರಿಗಿಂತ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆಂದು 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ತೋರಿಸಿದರು. ಆ ಮೇಲಿನ ಸಂಶೋಧನೆಗಳೂ ನಿದ್ರೆಯಲ್ಲಿ ನೆನಪುಗಳು ಗಟ್ಟಿಗೊಳ್ಳುತ್ತವೆಂದು ಸಾರುತ್ತಿವೆ. ನಿದ್ರೆಗೆಟ್ಟು ಓದುವುದೆಂದರೆ ಬಿತ್ತಿದ ಬೀಜವನ್ನು ಆ ರಾತ್ರಿಯೇ ಕೆದಕಿದಂತೆ.

ಇಷ್ಟು ಹೇಳಿದ ಮೇಲೆ, ಈತನು ಬಾಯಿಪಾಠದ ಶತ್ರುವೆಂದು ಯಾರಾದರೂ ತಿಳಿದಾರು. ಹಾಗಲ್ಲ. ಬಾಯಿಪಾಠವನ್ನು ನಗೆಗೀಡು ಮಾಡುವುದು ಈಗ ವಿದ್ಯಾವಂತರ ರೂಢಿಯಾಗಿದೆ. ಅದನ್ನು ನಾನು ಒಪ್ಪಲಾರೆ. ಮಗ್ಗಿ ಬಾರದ ಹುಡುಗನು ಲೆಕ್ಕ ಬಿಡಿಸುವಾಗ ಏಳೆಂಟಲೆಷ್ಟೆಂದು ತಡಕಾಡುತ್ತಾನೆ. ಅವನ ಚಿಕ್ಕ ಜಗಲಿಯೆಲ್ಲ ಅದರಲ್ಲಿಯೇ ತುಂಬಿ, ಲೆಕ್ಕದ ಮರ್ಮಕ್ಕೆ ಜಾಗವಿಲ್ಲದಾಗುತ್ತದೆ. ಮಗ್ಗಿಯು ಉಗ್ರಾಣದಲ್ಲಿದ್ದವನಿಗೆ ಜಗಲಿ ಖಾಲಿ. ಅವನು ಅಲ್ಲಿ ಕುಳಿತು ಯೋಚಿಸಬಲ್ಲನು. ಮುಂಬಯಿಯಲ್ಲಿ ತಾಳಮದ್ದಳೆಯನ್ನು ಕೇಳದ ಕನ್ನಡಿಗರು ವಿರಳ. ಭಾಗವತರು ಹಾಡುವ ಪದ್ಯವು ಅರ್ಥಧಾರಿಗೆ ಮೊದಲೇ ಕಂಠಗತ. ಅವನು ಹೇಳುವ ಅರ್ಥವಾದರೋ ಆ ಕ್ಷಣದಲ್ಲಿ, ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟತಕ್ಕದ್ದು. ಪದ್ಯ ಬಾರದವನು ಅರ್ಥ ಹೇಳಲಾರನು. ಪದ್ಯವೊಂದನ್ನೇ ಒಪ್ಪಿಸಿ ಕುಳಿತವನನ್ನು ಅರ್ಥಧಾರಿಯೆಂದು ಯಾರೂ ಕರೆಯರು. ನಮ್ಮ ಪಾಠವೂ ಹೀಗಿರಬೇಕು: ಕಂಠದಲ್ಲಿ ಪದ್ಯ, ನಾಲಗೆಯಲ್ಲಿ ಅರ್ಥ.

ಇನ್ನೊಂದು ಆಕ್ಷೇಪವುಂಟು. ಕಿಸೆಯಲ್ಲಿರುವ ಮೊಬೈಲು ಎಲ್ಲವನ್ನೂ ನೆನಪಿಟ್ಟಿರುವಾಗ ತಲೆಗೇಕೆ ಭಾರ ಎಂಬುದು. ಇದಕ್ಕೆ ಈ ನಗರದ ಡಬ್ಬಾವಾಲನೇ ಉತ್ತರ. 1890ರ ಸುಮಾರಿಗೆ ಮೊದಲಾದ ಈ ವೃತ್ತಿಯಲ್ಲಿ ಊಟದ ಡಬ್ಬಿಯ ಮುಚ್ಚಳದ ಮೇಲೆ ಬಣ್ಣದ ಅಂಕೆ-ಅಕ್ಷರಗಳ ಗುರುತು ಹಾಕುವ ಪದ್ಧತಿಯಿದೆ. ಅವನೂ ಎಲ್ಲವನ್ನೂ ತಲೆಯಲ್ಲಿ ಹೊರುವುದಿಲ್ಲ. ಆದರೆ ಆ ಗುರುತು ನಮಗೆ ಕಂಡರೆ ಏನು ಪ್ರಯೋಜನ? ಗುರುತು ಮುಚ್ಚಳದ ಮೇಲಿದೆ; ಅದರ ಅರ್ಥವು ಅವನ ತಲೆಯಲ್ಲಿದೆ. ಮೊಬೈಲು ಮುಚ್ಚಳ ಮಾತ್ರ. ಏನೂ ತಿಳಿಯದವನಿಗೆ ಅದರಲ್ಲಿ ಏನನ್ನು ಹುಡುಕಬೇಕೆಂಬುದೂ ತಿಳಿಯದು.

ಕೊನೆಯದಾಗಿ, ಕನ್ನಡ ಶಾಲೆಯ ಮಕ್ಕಳಾದ ನಿಮಗೆ ಈ ವಿಷಯ ಉಳಿದವರಿಗಿಂತ ಹೆಚ್ಚು ಮುಖ್ಯವೇಕೆಂದು ಹೇಳಬೇಕು. ಮುಂಬಯಿ ಮಹಾನಗರಪಾಲಿಕೆಯು ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆಗಳನ್ನು ನಡೆಸುತ್ತ ಬಂದಿದ್ದು, ಕನ್ನಡವೂ ಅವುಗಳಲ್ಲೊಂದು; ನಮ್ಮವರ ಸಂಘಸಂಸ್ಥೆಗಳು ನಡೆಸಿದ ಹಗಲು ಶಾಲೆಗಳೂ ರಾತ್ರಿಶಾಲೆಗಳೂ ಬೇರೆ. ಇಂದು ಅವುಗಳಲ್ಲಿ ಮಕ್ಕಳ ಸಂಖ್ಯೆ ಇಳಿಮುಖವಾಗಿರುವುದು ಸರ್ವವಿದಿತ. ನಿಮ್ಮಲ್ಲಿ ಹಲವರು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವಿರಿ. ಬಸ್ಸಿನಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ. ಕನ್ನಡವು ಶಾಲೆಯ ಗಂಟೆಯೊಡನೆ ಮೊದಲಾಗಿ ಶಾಲೆಯ ಗಂಟೆಯೊಡನೆ ಮುಗಿಯುತ್ತದೆ. ಭಾಷೆಯೂ ನೆನಪೇ, ಮತ್ತೆ ಮತ್ತೆ ಕರೆಯದಿದ್ದರೆ ಅದೂ ಉಗ್ರಾಣದ ಮೂಲೆ ಸೇರಿ ಧೂಳು ಹಿಡಿಯುತ್ತದೆ. ಈ ಊರಿನಲ್ಲಿಯೇ ಕನ್ನಡ ಕಲಿತ ಗೃಹಸ್ಥರೊಬ್ಬರು ತಮ್ಮ ತಾಯಿಯ ಹಳೆಯ ಕಾಗದವನ್ನು ನನ್ನಿಂದ ಓದಿಸಿಕೊಂಡುದನ್ನು ನಾನು ಮರೆಯಲಾರೆ. ಅಕ್ಷರಗಳು ಅವರಿಗೆ ಪರಿಚಿತವೆನಿಸುತ್ತಿದ್ದುವು, ಆದರೆ ಕೂಡುತ್ತಿರಲಿಲ್ಲ. ಅವರು ಪರೀಕ್ಷೆಯಲ್ಲಿ ತೇರ್ಗಡೆಯಾದವರೇ.

ಆದುದರಿಂದ ಶಾಲೆಯ ಕನ್ನಡವು ಗುಣಪತ್ರಿಕೆಯ ಕನ್ನಡವಾಗಿ ಉಳಿಯದಿರಲಿ. ವಿಜ್ಞಾನದ ಪುಸ್ತಕದಲ್ಲಿ 'ದ್ಯುತಿಸಂಶ್ಲೇಷಣೆ' ಎಂಬ ಮಾತು ಬಂದಾಗ ಅದನ್ನು ಕಲ್ಲಿನಂತೆ ನುಂಗಬೇಡಿರಿ. ದ್ಯುತಿಯೆಂದರೆ ಬೆಳಕು, ಸಂಶ್ಲೇಷಣೆಯೆಂದರೆ ಕೂಡಿಸುವಿಕೆ. ಬೆಳಕಿನ ಬಲದಿಂದ ಎಲೆಯು ನೀರನ್ನೂ ಇಂಗಾಲಾಮ್ಲವನ್ನೂ ಕೂಡಿಸಿ ಆಹಾರ ಮಾಡುತ್ತದೆ. ಶಬ್ದವೇ ಪಾಠವನ್ನು ಹೇಳಿತು. ಅರ್ಥವನ್ನು ಚಿಂತಿಸಿ ಕಲಿತ ಪದವು ಬರಿಯ ರೂಪವನ್ನೋ ಧ್ವನಿಯನ್ನೋ ಗಮನಿಸಿ ಕಲಿತುದಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುವುದೆಂದು ಕ್ರೇಕ್ ಮತ್ತು ಟುಲ್ವಿಂಗ್ 1975ರಲ್ಲಿ ತೋರಿಸಿದುದು ಇದನ್ನೇ.

ತಪ್ಪು ಮಕ್ಕಳದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮಂಥ ಶಿಕ್ಷಕರಿಗೆ ತಕ್ಕದ್ದಲ್ಲ. ವರ್ಷಾಂತ್ಯಕ್ಕೆ ಒಮ್ಮೆ ಮಾತ್ರ ಕೇಳಿದರೆ ಅವರು ವರ್ಷಾಂತ್ಯಕ್ಕೆ ಒಮ್ಮೆ ಮಾತ್ರ ಓದುವರು. ವಾರಕ್ಕೊಂದು ಸಲ, ಗುಣಗಳ ಭಯವಿಲ್ಲದೆ, ಹೋದ ತಿಂಗಳ ಪಾಠದಿಂದಲೂ ಹೋದ ವರ್ಷದ ಪಾಠದಿಂದಲೂ ಎರಡೆರಡು ಪ್ರಶ್ನೆಗಳನ್ನು ಕೇಳುವ ರೂಢಿಯನ್ನು ನಾವು ಹಾಕಿಕೊಳ್ಳಬೇಕು. ಮನೆಯಲ್ಲಿ ಓದಲು ಬೇರೆ ಕೋಣೆಯಿಲ್ಲದ, ತಂದೆತಾಯಿಗಳ ದುಡಿಮೆಗೆ ಕೈಜೋಡಿಸಬೇಕಾದ ಮಕ್ಕಳೇ ನಮ್ಮಲ್ಲಿ ಹೆಚ್ಚು. ಹತ್ತು ನಿಮಿಷದ ಬಿಡುವನ್ನೂ ಸಾರ್ಥಕಗೊಳಿಸುವ ಈ ವಿದ್ಯೆ ಅವರಿಗೇ ಮೊದಲು ಸಲ್ಲಬೇಕು. ಕುರ್ಲಾದಿಂದ ಮಾಟುಂಗಾ ತಲಪುವಷ್ಟರಲ್ಲಿ ನಿನ್ನೆಯ ಪಾಠವನ್ನು ಪುಸ್ತಕವಿಲ್ಲದೆ ಒಮ್ಮೆ ನೆನೆಯಬಹುದು. ಅದಕ್ಕೆ ದೀಪ ಬೇಡ, ಮೇಜು ಬೇಡ, ಮೌನವೂ ಬೇಡ.

ಲೇಖನವನ್ನು ಮುಗಿಸುವ ಮುನ್ನ ಒಂದು ಪ್ರಶ್ನೆ. ಮೇಲೆ ಇಪ್ಪತ್ತು ಅಂಕೆಗಳ ಒಂದು ಸಾಲನ್ನು ಕೊಟ್ಟಿದ್ದೆನಷ್ಟೆ. ಪುಟ ತಿರುವದೆ ಅದನ್ನು ಈಗ ಹೇಳಬಲ್ಲಿರಾ? ಹೇಳಿದಿರಾದರೆ ಅದು ಜಗಲಿಯನ್ನು ದಾಟಿ ಒಳಗೆ ಕಾಲಿಟ್ಟಿದೆಯೆಂದು ತಿಳಿಯಿರಿ. ನಾಳೆಯೊಮ್ಮೆ, ಮುಂದಿನ ವಾರ ಇನ್ನೊಮ್ಮೆ ಕೇಳಿಕೊಳ್ಳಿರಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಾನೂ ಕೇಳುವವನಿದ್ದೇನೆ, ಆಗ "ಸರ್, ಅದು ಹೋದ ವರ್ಷದ ಸಂಚಿಕೆಯದಲ್ಲವೇ?" ಎಂದು ಮಾತ್ರ ಹೇಳಬೇಡಿರಿ.